ಮಂಜುಗಡ್ಡೆಗೆ ಇಳಿಯದ ಗಾಡಿ

ಅಂಟಾರ್ಕ್ಟಿಕಾ ಹತ್ತಿರ, ಹಡಗಿನಿಂದ
ಜನವರಿ 1998

ಹೊಂಗನೂರಿನ ಅತ್ತಿಗೆಯವರಿಗೆ ಮೈದುನ ಕೆಂಪರಾಜುವಿನ ನಮಸ್ಕಾರ.

ಇಲ್ಲಿ ಸಮುದ್ರವೇ ಹೆಪ್ಪುಗಟ್ಟಿ, ಕಣ್ಣು ಹೋದಷ್ಟು ದೂರ ಬೆಳ್ಳಗಿದೆ. ಮೊನ್ನೆ ನಾನು ರಿಪೇರಿ ಮಾಡಿದ, ಹಿಮದ ಮೇಲೆ ಓಡಿಸುವ ಗಾಡಿಯನ್ನು ಹಡಗಿನಿಂದ ಅದರ ಮೇಲೆ ಇಳಿಸಬೇಕಿತ್ತು. ಅಷ್ಟರಲ್ಲಿ ನಮ್ಮ ಸಾಹೇಬರು ಉಪಗ್ರಹ ತೆಗೆದ ಫೋಟೊ ಹಿಡಿದು ಬಂದು, ಮಂಜುಗಡ್ಡೆ ಬಿರುಕು ಬಿಡುತ್ತಿದೆ, ಗಾಳಿ ತಿರುಗಿದರೆ ನಾಳೆಯೇ ಒಡೆಯುತ್ತದೆ ಎಂದು ತಡೆದರು. ನನಗೆ ರೇಗಿಹೋಯಿತು. “ಕಲ್ಲಿದ್ದಂಗೈತೆ ಸಾರ್, ಅಷ್ಟು ಮೇಲಿಂದ ನೋಡಿದ್ರೆ ಏನ್ ಕಂಡಾತು?” ಎಂದೆ. ಬೆಳಿಗ್ಗೆ ಎದ್ದು ನೋಡಿದರೆ, ಗಾಡಿ ಇಳಿಯಬೇಕಿದ್ದ ಜಾಗದಲ್ಲಿ ಕಪ್ಪು ನೀರು.

ರೇಷ್ಮೆಗೂಡು ಗಟ್ಟಿಯಾಗಿದೆ ಎಂದು ನಾನು ಬಿದಿರಿನ ಚಂದ್ರಿಕೆ ತಟ್ಟೆಯಿಂದ ಬಿಡಿಸಲು ಹೋದಾಗಲೆಲ್ಲ ನೀವು, “ಒಳ್ಗೆ ಹುಳ ಇನ್ನೂ ಕಟ್ತಾ ಐತೆ, ಕೈ ತಗಿ” ಎಂದು ಗದರುತ್ತಿದ್ದಿರಿ. ಅದೇ ನೆನಪಾಯಿತು.

ಚಳಿಗೆ ಕೈ ಒಡೆದಿದೆ, ನೀವು ಕೊಟ್ಟ ಹರಳೆಣ್ಣೆ ಹಚ್ಚುತ್ತಿದ್ದೇನೆ. ಅವ್ವನಿಗೆ ಓದಿ ಹೇಳುವಾಗ ನೀರಿನ ಸಂಗತಿ ಬಿಟ್ಟುಬಿಡಿ. ಅಂಚೆ ದಾಸಪ್ಪಣ್ಣ, ನೀನು ದಾರೀಲೇ ಓದಿರ್ತೀಯ, ನೀನೂ ಅವ್ವನ ಮುಂದೆ ಬಾಯಿ ಬುಡ್ಬೇಡ.

ಕೆಂಪರಾಜು