ತಣ್ಣನೆಯ ಕಾಲು

ಅಕ್ಕಾ,

ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಕೂತುಕೊಂಡು ಈ ಕಾಗದ ಓದು. ದಿನವಿಡೀ ನಿಂತಿದ್ದು ಸಾಕು.

ನಿನ್ನ ಕಾಲ್ಬೆರಳು ನೀಲಿಗಟ್ಟಿದೆಯಂತೆ. ಭಾವ ಹೇಳಿದರು. ಅವರ ಮೇಲೆ ರೇಗಬೇಡ.

ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಒಂದೇ ಮಂಚ, ಒಂದೇ ಕಂಬಳಿ. ದೀಪ ಆರಿಸಿದ ಕೂಡಲೇ ನೀನು ಮಂಜುಗಡ್ಡೆಯಂಥ ಪಾದಗಳನ್ನು ತಂದು ನನ್ನ ಮೀನಖಂಡಕ್ಕೆ ಒತ್ತುತ್ತಿದ್ದೆ. "ಥೂ ಅಕ್ಕಾ, ಕಾಲು ಆ ಕಡೆ ಇಟ್ಕೋ!" ಅಂತ ನಾನು ಕಿರುಚಿದರೆ, "ಒಂದೇ ನಿಮಿಷ ಕಣೇ, ಬೆಚ್ಚಗಾದ ತಕ್ಷಣ ತೆಗೀತೀನಿ" ಅನ್ನುತ್ತಿದ್ದೆ. ನೀನು ತೆಗೆಯುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಈಗ ಟಿಕೆಟ್ ಕೌಂಟರಿನಲ್ಲಿ ಕೂತು ಕೂತು ನನ್ನ ಕಾಲೂ ಹಾಗೇ ಆಗಿದೆ. ವಿಟಮಿನ್ ಕಡಿಮೆಯಿದೆಯೆಂದು ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. "ಬರೀ ಮಾತ್ರೆ ನುಂಗಿದ್ರೆ ಆಗಲ್ಲ. ನೀವು ಓಡಾಡಿದ್ರೆ ತಾನೇ ರಕ್ತ ಓಡಾಡೋದು?" ಎಂದು ಗದರಿದರು. ಮಲಗುವಾಗ ಸಾಕ್ಸ್ ಹಾಕಿಕೊಳ್ಳಬೇಕಂತೆ. ಹಾಕಿಕೊಂಡೆ. ಕಾಲು ಬೆಚ್ಚಗಾಯಿತು, ನಿದ್ದೆ ಮಾತ್ರ ಬರಲಿಲ್ಲ.

ನಿನ್ನ ಬೆರಳಿನ ವಿಷಯ ಡಾಕ್ಟರಮ್ಮನಿಗೆ ಹೇಳಿದೆ. ಹಾಗೇ ಬಿಡಬಾರದಂತೆ, ಸೋಮವಾರವೇ ಕರೆದುಕೊಂಡು ಬಾ ಎಂದಿದ್ದಾರೆ. ನಿನಗೆ ಡಾಕ್ಟರೆಂದರೆ ಆಗದು, ಗೊತ್ತು. ನಾನು ಜೊತೆಗಿರುತ್ತೇನೆ. ಬೆಳಿಗ್ಗೆ ಇಬ್ಬರೂ ವಾಕಿಂಗ್ ಹೋಗೋಣ. ಹರಟುತ್ತಾ ನಡೆದರೆ ದೂರ ತಿಳಿಯುವುದಿಲ್ಲ. ಗಿರಾಕಿಗಳ ಬಟ್ಟೆ ನಾಲ್ಕು ದಿನ ಸುಕ್ಕಾಗಿಯೇ ಇರಲಿ, ಗಂಟೇನೂ ಹೋಗುವುದಿಲ್ಲ.

ಭಾನುವಾರವೇ ಬಂದುಬಿಡು. ನನ್ನದು ಈಗಲೂ ಸಣ್ಣ ಮಂಚವೇ.

ಬರುವಾಗ ಸಾಕ್ಸ್ ತರಬೇಡ.

ನಿನ್ನ ತಂಗಿ