ಪಕ್ಕದ ಚಾಪೆಯ ದನಿ

ರಾಯಕೋಟೆ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಅತ್ತೆಯವರಿಗೆ, ಯೇಸಪ್ಪನ ಹೆಸರಿನಲ್ಲಿ ನಿಮ್ಮ ಕಿರಿಸೊಸೆ ಶರ್ಮಿಳಾಳ ಸ್ತೋತ್ರ.

ಹೇಗಿದ್ದೀರಿ ಅತ್ತೆ? ಎಡಗೈ ಈಗ ಸ್ವಲ್ಪವಾದರೂ ಮೇಲೇಳುತ್ತದೆಯೇ? ರಮಾದೇವಿ ಅಕ್ಕ ದಿನಾ ಎಣ್ಣೆ ಕಾಯಿಸಿ ತಿಕ್ಕುತ್ತಾರಂತೆ, ಮುನಿರಾಜ್ ಭಾವ ತಾವೇ ಕೂತು ಗಂಜಿ ಕುಡಿಸುತ್ತಾರಂತೆ. ಕೇಳಿ ಸಮಾಧಾನವಾಯಿತು. ಹೆತ್ತ ಮಗನಲ್ಲವೇ. ಈ ಕಾಗದಕ್ಕೆ ನೀವು ಉತ್ತರ ಹೇಳಲಾರಿರಿ ಎಂದು ನನಗೆ ಗೊತ್ತು. ನಮ್ಮ ಸಭೆಯ ಪಿಳ್ಳಮ್ಮ ನಾಳೆ ನೀವಿರುವ ಜೂಜುವಾಡಿಗೇ, ಮಗಳ ಮನೆಗೆ ಹೊರಟಿದ್ದಾರೆ. ಅವರೇ ನಿಮ್ಮ ಪಕ್ಕ ಕೂತು ಓದಿ ಹೇಳುತ್ತಾರೆ, ನಿಮ್ಮ ಮುಖ ಹೇಗಿತ್ತೆಂದು ಬಂದು ನನಗೆ ಹೇಳುತ್ತಾರೆ. ಫೋನು ಮಾಡಬಹುದಿತ್ತು. ಆದರೆ ಫೋನು ಭಾವನ ಕೈಯಲ್ಲಿರುತ್ತದೆ, ಅವರು ಸ್ಪೀಕರ್ ಹಾಕುತ್ತಾರೆ, ಅವರ ಟೈರ್ ಅಂಗಡಿಗೆ ಬಂದ ಲಾರಿಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಇದು ಅವರೆಲ್ಲ ಕೇಳುವ ಮಾತಲ್ಲ.

ಇಲ್ಲಿ ನಾವು ಚೆನ್ನಾಗಿದ್ದೇವೆ. ರಾಗಿ ತೆನೆ ಬಲಿತಿದೆ, ಮೋಡ ಮಾತ್ರ ಬಿಡುತ್ತಿಲ್ಲ, ಕೊಯ್ಲಿಗೆ ಆಳೂ ಸಿಗುತ್ತಿಲ್ಲ. ಇವರಿಗೆ, ನಿಮ್ಮ ಮುನೀಶ್‌ಗೆ, ಈಗ ಕಂಪನಿಯಲ್ಲಿ ಬೆಳಗಿನ ಶಿಫ್ಟು, ಸಂಜೆಗೆ ಮುಂಚೆಯೇ ಹೊಸೂರಿನಿಂದ ಬಂದುಬಿಡುತ್ತಾರೆ. ಕೆಂದ ಹಸು ನನ್ನನ್ನು ಇನ್ನೂ ಒಪ್ಪಿಕೊಂಡಿಲ್ಲ. ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತದೆ; ನಿಮ್ಮ ಹಳೆಯ ಹಸಿರು ಸೀರೆ ಸುತ್ತಿಕೊಂಡು ಹೋದರೆ ಸುಮ್ಮನೆ ನಿಲ್ಲುತ್ತದೆ. ಸಭೆಯಲ್ಲಿ ಪಾಸ್ಟರ್ ಜಯರಾಮಯ್ಯನವರು ಪ್ರತಿ ವಾರ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡಿಸುತ್ತಾರೆ. ನೀವು ಇರುವಾಗ ನಮ್ಮಿಬ್ಬರನ್ನು ನೋಡಿ, ಅತ್ತೆ ಸೊಸೆ ಜಗಳವಾಡದೆ ಒಟ್ಟಿಗೆ ಬರುವುದು ಈ ಶೀಟಿನ ಗುಡಿಸಲ ಸಭೆಗೆ ಮಾತ್ರ ಎಂದು ಹೆಂಗಸರು ನಗುತ್ತಿದ್ದರಲ್ಲ, ಈಗ ನಾನೊಬ್ಬಳೇ ಹೋದರೆ ಯಾರೂ ನಗುವುದಿಲ್ಲ.

ಭಾವ ಕಾರು ತಂದು ನಿಮ್ಮನ್ನು ಕರೆದುಕೊಂಡು ಹೋದ ದಿನ ನನಗೆ ಮರೆಯುವುದಿಲ್ಲ. ಅವರ ಮಗಳ ಮದುವೆ ಗೊತ್ತಾಗಿತ್ತು. "ಅಜ್ಜಿ ಸಭೆಗೆ ಹೋಗ್ತದಂತೆ, ಪ್ರಸಾದ ಮುಟ್ಟಾಕಿಲ್ವಂತೆ" ಎಂದು ಬೀಗರ ಕಡೆಯಲ್ಲಿ ಮಾತು ಬಂದಿತ್ತಂತೆ. ಮದುವೆ ಮುಗಿಯುವವರೆಗೆ ತಮ್ಮಲ್ಲೇ ಇರಲಿ ಎಂದರು. ಮದುವೆ ಮುಗಿಯಿತು, ನೀವು ಬರಲಿಲ್ಲ. ನನಗೆ ಅವರ ಮೇಲೆ ಕೋಪವಿಲ್ಲ. ಜನರ ಬಾಯಿಗೆ ಹೆದರುವವರೆಲ್ಲ ಕೆಟ್ಟವರಲ್ಲ. ಅಂದು ಸೀರೆ ಮಡಿಸಿ ಚೀಲಕ್ಕೆ ತುಂಬುತ್ತಾ ನೀವು ಹೇಳಿದ್ದಿರಿ: "ಅಳಬ್ಯಾಡ ಕಣಮ್ಮ. ಹೊತ್ತು ಮುಳುಗೋ ವೇಳ್ಗೆ ನೀನು ಇಲ್ಲಿ ಕೂತ್ಕೋ, ನಾನು ಅಲ್ಲಿ ಕೂತ್ಕತೀನಿ. ಇಬ್ರೂ ಒಟ್ಗೇ ಬೇಡ್ಕೊಳ್ಳಾನ. ನಡುವೆ ಇರೋದು ಬರೀ ರಸ್ತೆ." ನಾನು ಒಂದು ದಿನವೂ ತಪ್ಪಿಸಲಿಲ್ಲ ಅತ್ತೆ. ನನ್ನ ಚಾಪೆಯ ಪಕ್ಕದಲ್ಲಿ ನಿಮ್ಮ ಚಾಪೆಯನ್ನೂ ಹಾಸುತ್ತಿದ್ದೆ. ಹುಚ್ಚು ಹಿಡಿದದೆ ನಿಂಗೆ ಎಂದು ಇವರು ನಗುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹಸು ಕಟ್ಟಿ, ಕೈಕಾಲು ತೊಳೆದು ಬಂದು ಕೂತು ಕಣ್ಣು ಮುಚ್ಚಿದೆ. ನಾನು ತಂದೆಯೇ ಎಂದೆ. ಪಕ್ಕದಲ್ಲಿ ಇನ್ನೊಂದು ದನಿ ತಂದೆಯೇ ಎಂದಿತು. ನನಗಿಂತ ಒಂದು ಉಸಿರು ಹಿಂದೆ, ನೀವು ಯಾವಾಗಲೂ ಹೇಳುತ್ತಿದ್ದ ಹಾಗೆಯೇ, ಕೊನೆಯಲ್ಲಿ ಸ್ವಲ್ಪ ಎಳೆದು. ನಾನು ನಿಲ್ಲಿಸಿದೆ, ಅದು ನಿಲ್ಲಿಸಲಿಲ್ಲ. ಕಣ್ಣು ಬಿಡುವ ಧೈರ್ಯ ಬಂದಾಗ ಚಾಪೆ ಖಾಲಿ ಇತ್ತು. ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಮರುದಿನವೂ ಹಾಗೇ ಆಯಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಆದರೆ ಅದರ ಮಾರನೆಯ ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಇವರು ಲೋಟ ಹಿಡಿದುಕೊಂಡೇ ಒಳಗೆ ಬಂದರು. "ಯಾವಾಗ ಬಂದ್ಲು ಅವ್ವ?" ಎಂದರು. ನನ್ನ ಮುಖ ನೋಡಿದರು, ಖಾಲಿ ಚಾಪೆ ನೋಡಿದರು. ನೀವು ನಮ್ಮನ್ನು ಬಿಟ್ಟು ಹೋಗಿಬಿಟ್ಟಿರಿ ಎಂದೇ ಇಬ್ಬರಿಗೂ ಅನ್ನಿಸಿತು. ಕೂಡಲೇ ಭಾವನಿಗೆ ಫೋನು ಮಾಡಿದರು.

ಭಾವ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅವ್ವ ಅವ್ಳೆ ಕಣ್ಲಾ, ಗಂಜಿ ಕುಡೀತಾವ್ಳೆ. ಮಾತೇ ಹೋಗ್ಬುಟ್ಟದೆ. ಡಾಕ್ಟ್ರು ಲಕ್ವ ಅಂದ್ರು. ನಿಮ್ಗೆ ಯಾಕೆ ಗಾಬ್ರಿ ಮಾಡೋದು ಅಂತ ಸುಮ್ಕಿದ್ದೆ. ಹೊತ್ತು ಮುಳುಗೋ ವೇಳ್ಗೆ ಬರೀ ತುಟಿ ಆಡ್ತದೆ, ಸದ್ದು ಬರಾಕಿಲ್ಲ." ಯಾವತ್ತಿನಿಂದ ಎಂದು ಇವರು ಕೇಳಿದರು. ನಾನು ಮೊದಲು ಆ ದನಿ ಕೇಳಿದ ದಿನವೇ, ಅತ್ತೆ.

ಬೆಳಗಾಗುತ್ತಲೇ ಇವರು ಬಂದು ನಿಮ್ಮನ್ನು ನೋಡಿದರು. ನಾನೂ ಹೊರಟಿದ್ದೆ. ಬೀಗರು ಬಂದುಹೋಗುತ್ತಿದ್ದಾರೆ, ಅವಳು ಬಂದರೆ ಪ್ರಾರ್ಥನೆ ಅಂತ ಕೂತುಬಿಡುತ್ತಾಳೆ, ಸದ್ಯ ಬೇಡ ಎಂದು ಭಾವ ತಡೆದರು. ವಾಪಸ್ಸು ಬಂದ ಮೇಲೆ ಇವರು ಸಂಜೆಯಾದರೆ ಮನೆಯಲ್ಲಿ ನಿಲ್ಲದೆ ಪೇಟೆಗೆ ಹೋಗಿಬಿಡುತ್ತಿದ್ದರು. ನಾನು ಎಲ್ಲಿಗೆ ಹೋಗಲಿ? ಚಾಪೆ ಹಾಸಿದರೂ ಭಯ, ಹಾಸದಿದ್ದರೆ ಆ ದನಿ ಕೂರಲು ಜಾಗವಿಲ್ಲದೆ ಮನೆಯೆಲ್ಲ ಸುತ್ತುತ್ತದೇನೋ ಎಂಬ ಭಯ.

ಕಳೆದ ಭಾನುವಾರ ಅದು ಕನ್ನಡ ಬಿಟ್ಟು ತೆಲುಗಿಗೆ ತಿರುಗಿತು. ದುಃಖ ಹೆಚ್ಚಾದಾಗ ನೀವು ತವರಿನ ಮಾತಿಗೆ ತಿರುಗುತ್ತಿದ್ದಿರಿ, ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಆದರೆ ಇದು ಸ್ಪಷ್ಟವಾಗಿ ಕೇಳಿಸಿತು. "ನಾ ಬಿಡ್ಡ ಭಾನುನಿ ಚೂಸುಕೋ ತಂಡ್ರೀ." ನನ್ನ ಮಗಳು ಭಾನುವನ್ನು ನೋಡಿಕೋ ತಂದೆ ಎಂದು. ನಮ್ಮ ಮನೆಯಲ್ಲಿ ಭಾನು ಎಂಬವರು ಯಾರೂ ಇಲ್ಲವಲ್ಲ ಎಂದುಕೊಂಡೆ. ಪೇಟೆಯಿಂದ ಬಂದ ಇವರಿಗೆ ಊಟ ಬಡಿಸುವಾಗ, ಭಾನು ಯಾರು ಎಂದು ಕೇಳಿದೆ. ಕಲಸಿದ ಅನ್ನ ಹಾಗೇ ಬಿಟ್ಟು ಎದ್ದರು. ಕೈ ತೊಳೆದು ಬಂದು ಕೂತು ಹೇಳಿದರು.

ಅತ್ತೆ, ನಿಮಗೊಬ್ಬಳು ಮಗಳಿದ್ದಳೆಂದು ನನಗೆ ಗೊತ್ತಿರಲಿಲ್ಲ. ಕೃಷ್ಣಗಿರಿ ಆಸ್ಪತ್ರೆಯಲ್ಲಿ ಮಗು ಉಳಿಯುವುದಿಲ್ಲ, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರಂತೆ. ಬರುವಾಗ ಬಸ್ಸಿನಲ್ಲೇ, ನಿಮ್ಮ ಮಡಿಲಲ್ಲೇ ಮಗು ಹೋಯಿತಂತೆ. ಕಂಡಕ್ಟರಿಗೆ ತಿಳಿದರೆ ನಡುದಾರಿಯಲ್ಲಿ ಇಳಿಸಿಬಿಡುತ್ತಾರೆಂದು ನೀವು ಸೆರಗು ಹೊದಿಸಿ ತಟ್ಟುತ್ತಲೇ ಕೂತಿದ್ದಿರಂತೆ. "'ಮಾತಾಡ್ಬ್ಯಾಡ ಕಣ್ಲಾ, ಪಾಪ ಮಲಗವ್ಳೆ' ಅಂದ್ಲು ಅವ್ವ. ನಂಗೆ ಗೊತ್ತಾಗಿತ್ತು. ಆದ್ರೂ ರಾಯಕೋಟೆವರ್ಗೂ ನಾನು ಬಾಯಿ ಬಿಡ್ಲಿಲ್ಲ." ಹೀಗೆಂದರು, ಆಗ ಪುಟ್ಟ ಹುಡುಗನಾಗಿ ನಿಮ್ಮ ಪಕ್ಕದಲ್ಲೇ ಕೂತಿದ್ದ ಇವರು. ಆಮೇಲೆ ಮಾವನವರು ಆ ಹೆಸರು ಮನೆಯಲ್ಲಿ ಯಾರೂ ಎತ್ತಕೂಡದು ಎಂದರಂತೆ, ಯಾರೂ ಎತ್ತಲಿಲ್ಲವಂತೆ. ಅದಕ್ಕೇ ನೀವು ಸಭೆಗೆ ಬರಲು ಶುರುಮಾಡಿದಿರಾ ಅತ್ತೆ? ಆ ಹೆಸರನ್ನು ಒಂದು ಕಡೆಯಾದರೂ ಬಾಯಿಬಿಟ್ಟು ಹೇಳಬೇಕು ಎಂದು? ಇಷ್ಟು ವರ್ಷ ಪಕ್ಕದಲ್ಲೇ ಮೊಣಕಾಲೂರಿದ್ದ ನನಗೆ ಕೇಳಿಸದ್ದು, ನೀವು ಅಷ್ಟು ದೂರ ಹೋಗಿ ಮಾತು ಕಳೆದುಕೊಂಡ ಮೇಲೆ ಕೇಳಿಸಿತು.

ಪಾಸ್ಟರಿಗೆ ಮಾತ್ರ ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಅದು ಏನು ಅಂತ ನಾನು ಹೇಳಲಾರೆ ಕಣಮ್ಮ. ಆದ್ರೆ ಕೇಳಿಸ್ಕೊಂಡ್ಮೇಲೆ ಸುಮ್ನೆ ಇರಬಾರ್ದು" ಎಂದರು. ನಾನೂ ಈಗ ದಿನಾ ಭಾನುವಿಗಾಗಿ ಬೇಡಿಕೊಳ್ಳುತ್ತೇನೆ. ಅವಳ ಭಾರ ಇನ್ನು ನಿಮ್ಮೊಬ್ಬರದೇ ಅಲ್ಲ. ಭಯ ಪೂರ್ತಿ ಹೋಗಿಲ್ಲ; ಆ ದನಿ ಬರುವ ಮುಂಚೆ ಈಗಲೂ ಮೈ ನವಿರೇಳುತ್ತದೆ. ಬರದೆ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದು.

ರಮಾದೇವಿ ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸಲು ಪಿಳ್ಳಮ್ಮನಿಗೆ ಹೇಳಿದ್ದೇನೆ. ದೇವರ ಕೈ ನಿಮ್ಮ ತಲೆಯ ಮೇಲಿರಲಿ.

ನಿಮ್ಮ ಮಗಳಂತಹ ಸೊಸೆ,
ಶರ್ಮಿಳಾ

ಪಿಳ್ಳಮ್ಮ ಕಾಗದ ಇಸಿದುಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಇನ್ನೆರಡು ಮಾತು. ಇವರು ಈಗಷ್ಟೇ ಭಾವನ ಹತ್ತಿರ ಮಾತಾಡಿದರು. "ಅವ್ವನ್ನ ಮನೆಗೆ ಕರ್ಕಂಡ್ ಬತ್ತೀನಿ, ಸಭೆಗೆ ನಾನೇ ಎತ್ಕಂಡ್ ಹೋಗ್ತೀನಿ, ಯಾರು ಏನಾರ ಅಂದ್ಕಳ್ಳಿ" ಎಂದರು. ನಾನು ಹೇಳಿಕೊಟ್ಟದ್ದಲ್ಲ. ಭಾವ ಒಪ್ಪಿದ್ದಾರೆ, ಆದರೆ ಹೋಗುತ್ತೀಯಾ ಎಂದು ಎಲ್ಲರ ಎದುರಿಗೆ ನಿಮ್ಮನ್ನು ಒಂದು ಮಾತು ಕೇಳಿಯೇ ಕಳಿಸುತ್ತಾರಂತೆ. ಬರುವ ಭಾನುವಾರ ಕಾರು ತೆಗೆದುಕೊಂಡು ಇಬ್ಬರೂ ಬರುತ್ತೇವೆ. ಕೇಳಿದಾಗ ಮಾತು ಬರಲಿಲ್ಲವೆಂದು ಅಳಬೇಡಿ ಅತ್ತೆ. ಸುಮ್ಮನೆ ತಲೆ ಆಡಿಸಿ.