ಮೇಸ್ತ್ರಿಯಿಲ್ಲದ ಸಾಲು

ಬಣಕಲ್‌ನ ಕಾಫಿ ತೋಟವಿಡೀ ಕೇಳುವಂತೆ ಕೂಗಿ ಆಳುಗಳನ್ನು ಸಾಲು ನಿಲ್ಲಿಸುವ ನನ್ನ ಮೇಸ್ತ್ರಿ ಅಪ್ಪನಿಗೆ, ಮಂಗಳೂರಿನಿಂದ ಧನ್ಯಶ್ರೀ ಮಾಡುವ ನಮಸ್ಕಾರ.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ 'ತಡಿ, ಅಮ್ಮಂಗೆ ಕೊಡ್ತೀನಿ' ಅನ್ನುತ್ತೀಯಲ್ಲ, ಅದಕ್ಕೇ ಈ ಕಾಗದ. ಇದನ್ನೂ ಅಮ್ಮನ ಕೈಗೆ ದಾಟಿಸಿದರೆ ಅವಳು ನಿನಗೇ ಗಟ್ಟಿಯಾಗಿ ಓದಿ ಹೇಳುತ್ತಾಳೆ.

ನನ್ನ ಪಿಎಚ್‌.ಡಿ. ಏನೆಂದು ಕೇಳಿದ್ದೆಯಲ್ಲ. ತಾಮ್ರದ ಉಪ್ಪು, ಜೊತೆಗೆ ಇನ್ನೆರಡು ಬಗೆಯ ಅಣುಗಳು. ಮೂರನ್ನೂ ದ್ರಾವಣದಲ್ಲಿ ಬೆರೆಸಿ ಅಲುಗಾಡಿಸದೆ ಬಿಟ್ಟರೆ ತಾವೇ ಕೈಕೈ ಹಿಡಿದು, ಸಾಲಾಗಿ ನಿಂತು ಹರಳಾಗುತ್ತವೆ ಎಂದಿದ್ದೆ. ನೀನು ನಂಬಲೇ ಇಲ್ಲ. 'ಮೇಸ್ತ್ರಿ ಇಲ್ದೆ ಸಾಲು ನಿಲ್ತಾವಾ? ನಾ ಕಾಣದ ಸಾಲಾ ಮಾರಾಯ್ತಿ!'

ಲ್ಯಾಬಿನ ಪಕ್ಕ ಕಟ್ಟಡದ ಕೆಲಸ ನಡೆದು ಮೇಜು ನಡುಗುತ್ತಿತ್ತೆಂದು ಎಲ್ಲವನ್ನೂ ಊರಿನ ಮನೆಗೆ ತಂದು ಬೆರೆಸಿ, ಸೀಸೆಗಳನ್ನು ಬೀರುವಿನ ಮೇಲಿಟ್ಟು, ಕೊಟ್ಟಿಗೆಹಾರದ ಅತ್ತೆ ಮನೆಗೆ ಹೋದೆ. ವಾರ ಬಿಟ್ಟು ಬಂದರೆ ನೀನು ಒಂದೊಂದೇ ಸೀಸೆ ಹಿಡಿದು ಕುಲುಕುತ್ತಿದ್ದೆ. 'ಏಯ್, ಎದ್ದೇಳ್ರೋ! ಬಿಸ್ಲೇರ್ತು, ಇನ್ನೂ ಸಾಲು ಹಿಡ್ದಿಲ್ವಾ?' ಅಮ್ಮ ಬಾಗಿಲಲ್ಲಿ ನಿಂತು, 'ದಿನಾ ಹಾಜರಿ ಕರೀತಿದ್ರು ಕಣೇ' ಎಂದಳು. ಒಳಗೆ ಹರಳಿಲ್ಲ, ಬರೀ ನೀಲಿ ಹುಡಿ. ಒಂದಾದರೂ ಒಳ್ಳೆಯ ಹರಳು ಸಿಗದಿದ್ದರೆ ನನ್ನ ಪ್ರಬಂಧವೇ ಇಲ್ಲ. ನಾನು ಮಾತಾಡದೆ ಬಸ್ಸು ಹತ್ತಿದೆ. ನೀನೂ ಮಾತಾಡದೆ ನನ್ನ ಬ್ಯಾಗು ಹೊತ್ತು ತಂದು, ಸೀಟಿನ ಮೇಲಿಟ್ಟು ಇಳಿದೆ.

ಇಲ್ಲಿ ಕಟ್ಟಡದ ಕೆಲಸ ನಿಂತ ಮೇಲೆ ಮತ್ತೆ ಬೆರೆಸಿಟ್ಟೆ. ದಿನಾ ಇಣುಕಿ ನೋಡಿದರೂ ಏನೂ ಇಲ್ಲ. ಒಂದು ಬೆಳಿಗ್ಗೆ ತಾಳ್ಮೆ ಕೆಟ್ಟು ನನ್ನ ಬಾಯಿಂದಲೇ ಬಂತು, 'ಏಯ್, ಎದ್ದೇಳ್ರೋ!' ಲ್ಯಾಬಿನವರೆಲ್ಲ ತಿರುಗಿ ನೋಡಿದರು. ಪುಣ್ಯಕ್ಕೆ ನಾನು ಕುಲುಕಲಿಲ್ಲ.

ಹರಳು ಬಂತು ಅಪ್ಪ! ಸಾಸಿವೆಗಿಂತ ಸಣ್ಣದು, ನೀಲಿ, ಅಂಚು ಕೊಯ್ದಿಟ್ಟ ಹಾಗೆ ನೇರ. ಎಕ್ಸ್‌-ರೇ ಹಾಯಿಸಿ ನೋಡಿದೆವು, ಮೂರೂ ಬಗೆಯವು ತಂತಮ್ಮ ಜಾಗದಲ್ಲಿ ನಿಂತಿವೆ. ಖುಷಿಗೆ ಅತ್ತುಬಿಟ್ಟೆ. ಮೊದಲು ನಿನಗೇ ಹೇಳಬೇಕೆಂದು ಫೋನ್ ಮಾಡಿದರೆ, 'ತಡಿ, ಅಮ್ಮಂಗೆ ಕೊಡ್ತೀನಿ.'

ಪ್ರಬಂಧ ಬರೆದು ಒಪ್ಪಿಸಿದ್ದಾಯಿತು, ಬರುವ ತಿಂಗಳು ಎಲ್ಲರೆದುರು ನನ್ನ ಕೊನೆಯ ಮೌಖಿಕ ಪರೀಕ್ಷೆ. ನೀನು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು. ಸುಮ್ಮನೆ ಬಿಟ್ಟರೆ ಅಣುಗಳು ತಾವಾಗಿ ಸೇರುತ್ತವೆ. ನಾವಿಬ್ಬರು ಹಾಗಲ್ಲ, ಯಾರಾದರೂ ಮೊದಲು ಮಾತಾಡಬೇಕು. ನಾನು ಆಡಿದೆ. ಇನ್ನು ನೀನು ಆಡು.

ನಿನ್ನ ಗಂಟಲು ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ ಮಗಳು,
ಧನ್ಯಶ್ರೀ